ತತ್ತಿ ಬೇಡ ಅನ್ನಬೇಡಿ, ಪಂಜರ ಬೇಡ ಅನ್ನಿ

ಪ್ರಶ್ನೆ: ಹೋದ ತಿಂಗಳು ಸೋದರಮಾವನ ಜೊತೆ ಒಂದು ಲೇಯರ್ ಫಾರಂಗೆ, ಅಂದರೆ ತತ್ತಿಗಾಗಿ ಕೋಳಿ ಸಾಕುವಲ್ಲಿಗೆ, ಹೋಗಿದ್ದೆ. ಸಾಲು ಸಾಲು ತಂತಿ ಪಂಜರ, ಒಂದೊಂದರಲ್ಲಿ ನಾಲ್ಕೈದು ಕೋಳಿ. ಅವಕ್ಕೆ ಹೊರಳಲಿಕ್ಕೂ ಜಾಗವಿಲ್ಲ. ಅವತ್ತಿನಿಂದ ತತ್ತಿ ಗಂಟಲಲ್ಲಿ ಇಳಿಯುತ್ತಿಲ್ಲ. ಇಂಥ ತತ್ತಿಯನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಮಾರದಂತೆ ನಿಷೇಧಿಸಿ ಎಂದು ನಮ್ಮ ವಾರ್ಡ್ ಸದಸ್ಯರಿಗೆ ಪತ್ರ ಕೊಟ್ಟೆ. "ಇದು ನಮ್ಮ ಕೈಯಾಗಿಲ್ಲ ತಂಗಿ" ಎಂದರು. ಹಾಗಾದರೆ ಯಾರ ಕೈಯಲ್ಲಿದೆ? ಏನಂತ ಬರೆಯಲಿ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಪಶುವೈದ್ಯರ ಉತ್ತರ: ಅವರು ಹೇಳಿದ್ದು ನಿಜ, ಬೇಜಾರಾಗಬೇಡಿ. ಪಾಲಿಕೆ ಅಂಗಡಿಗೆ ಲೈಸೆನ್ಸ್ ಕೊಡುತ್ತದೆ, ಸ್ವಚ್ಛತೆ ನೋಡುತ್ತದೆ. ಕೋಳಿಯನ್ನು ಹೇಗೆ ಸಾಕಬೇಕು ಎಂದು ಕಾನೂನು ಮಾಡುವುದು ಅದರ ಕೆಲಸವಲ್ಲ. ಪ್ರಾಣಿಹಿಂಸೆ ತಡೆಯುವ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಸಂಸತ್ತೂ ಕಾನೂನು ಮಾಡಬಹುದು, ನಮ್ಮ ವಿಧಾನಮಂಡಲವೂ ಮಾಡಬಹುದು. ಹಾಗಾಗಿ ನೀವು ಹಿಡಿಯಬೇಕಾದ್ದು ಶಾಸಕರನ್ನು.

"ಇದು ದಿಲ್ಲಿಯ ಕಾನೂನು, ನಮ್ಮಿಂದ ಆಗಲ್ಲ" ಎಂದು ಅವರೂ ಹೇಳಬಹುದು. ಆಗ ಕಂಬಳ ನೆನಪಿಸಿ. ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕಾಗಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದದ್ದು ನಮ್ಮ ರಾಜ್ಯವೇ ಅಲ್ವಾ? ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿತು. 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋಣಗಳಿಗಾಗಿ ತೆರೆದ ಬಾಗಿಲು ಕೋಳಿಗೂ ತೆರೆಯಬಹುದು.

ಈಗಿನ ಕಾಯ್ದೆಯಲ್ಲೂ ಹಿಡಿತವಿದೆ. ಓಡಾಡಲು ಸಾಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಸೆಕ್ಷನ್ 11(1)(ಇ) ಪ್ರಕಾರ ಅಪರಾಧ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಒಂದು ಎಗ್ ರೈಸ್ ಪ್ಲೇಟಿಗೂ ಸಾಲದ ದುಡ್ಡು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 2017ರಲ್ಲಿ ಕಾನೂನು ಆಯೋಗ ತನ್ನ 269ನೇ ವರದಿಯಲ್ಲಿ ಮೊಟ್ಟೆ ಕೋಳಿಗಳ ಸ್ಥಿತಿಯ ಬಗ್ಗೆಯೇ ಬರೆದಿದೆ. ಅದರ ಪ್ರತಿ ಲಗತ್ತಿಸಿ.

ಈಗ ಮುಖ್ಯ ಮಾತು. "ತತ್ತಿ ನಿಷೇಧಿಸಿ" ಎಂದು ಮಾತ್ರ ಬರೆಯಬೇಡಿ. ಬಿಸಿಯೂಟದ ತತ್ತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಎಷ್ಟು ಜಗಳ ನಡೆದಿದೆ ಗೊತ್ತಲ್ಲ. ನಿಮ್ಮ ಪತ್ರವನ್ನೂ ಅದೇ ಜಗಳಕ್ಕೆ ಸೇರಿಸಿ ಪಕ್ಕಕ್ಕೆ ಇಡುತ್ತಾರೆ. ಸರ್ಕಾರಿ ಶಾಲೆಯ ಮಗುವಿನ ತಟ್ಟೆಯಿಂದ ಒಂದು ತತ್ತಿಯೂ ಕಡಿಮೆಯಾಗಬಾರದು, ನಾನಂತೂ ಅದಕ್ಕೆ ಒಪ್ಪುವುದಿಲ್ಲ. ನೀವು ಕೇಳಬೇಕಾದ್ದು ಪಂಜರದ ನಿಷೇಧ, ಅದೂ ಹಂತ ಹಂತವಾಗಿ: ಮೊದಲು ಹೊಸ ಪಂಜರದ ಫಾರಂಗೆ ಅನುಮತಿ ಬೇಡ, ಹಳೆಯವಕ್ಕೆ ಬದಲಾಗಲು ವರ್ಷಗಳ ಗಡುವು, ಸಾಲ ಮಾಡಿ ಶೆಡ್ ಕಟ್ಟಿದ ರೈತನಿಗೆ ಸಹಾಯಧನ. ಯುರೋಪಿಯನ್ ಒಕ್ಕೂಟ 1999ರಲ್ಲಿ ಕಾನೂನು ಮಾಡಿ, ಬರಿಯ ತಂತಿ ಪಂಜರಗಳನ್ನು 2012ರ ಜನವರಿ 1ರಿಂದ ನಿಲ್ಲಿಸಿತು. ನಡುವೆ ಹನ್ನೆರಡು ವರ್ಷ ಕೊಟ್ಟಿತ್ತು. ಬಾತುಕೋಳಿಯ ಗಂಟಲಿಗೆ ಕೊಳವೆ ತುರುಕಿ ಲಿವರ್ ಊದಿಸಿ ಮಾಡುವ ಫ್ವಾ ಗ್ರಾ ಆಮದನ್ನು ನಮ್ಮ ಕೇಂದ್ರ ಸರ್ಕಾರ 2014ರಲ್ಲೇ ನಿಷೇಧಿಸಿತು. ಅದು ಸುಲಭವಿತ್ತು, ಇಲ್ಲಿ ತಿನ್ನುವವರೇ ಕಡಿಮೆ. ತತ್ತಿ ಮನೆಮನೆಯ ಊಟ, ಆದ್ದರಿಂದ ತಾಳ್ಮೆ ಬೇಕು.

ಪತ್ರವನ್ನು ಎ4 ಹಾಳೆಯಲ್ಲೇ ಬರೆಯಿರಿ. ಇಂಥ ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಆ ಹಾಳೆಗಿಂತ ಕಡಿಮೆ. ಮೊದಲ ಸಾಲಿನಲ್ಲೇ ಅದನ್ನು ಹೇಳಿ. ಹಿತ್ತಲಲ್ಲಿ ಜವಾರಿ ಕೋಳಿ ಸಾಕಿದವರಿಗೆ ಉಳಿದದ್ದು ತಾನೇ ತಿಳಿಯುತ್ತದೆ. ಕೋಳಿ ಮಣ್ಣು ಕೆದರಬೇಕು, ಧೂಳಿನಲ್ಲಿ ಹೊರಳಬೇಕು, ತತ್ತಿಯಿಡಲು ಮರೆ ಹುಡುಕಬೇಕು. ಪಂಜರದಲ್ಲಿ ಇದೊಂದೂ ಇಲ್ಲ. ಓಡಾಟವಿಲ್ಲದೆ ಅದರ ಮೂಳೆ ಎಷ್ಟು ಟೊಳ್ಳಾಗುತ್ತದೆ ಎಂದರೆ, ಹೊರತೆಗೆಯುವಾಗ ಮುರಿಯುವುದುಂಟು.

ಒಂದು ಪ್ರತಿಯನ್ನು ವಿಧಾನಸಭೆಯ ಅರ್ಜಿಗಳ ಸಮಿತಿಗೂ ಕಳಿಸಿ. ಪಶ್ಚಿಮ ಪದವೀಧರರ ಕ್ಷೇತ್ರದ ವಿಧಾನ ಪರಿಷತ್ ಸದಸ್ಯರಿಗೂ ಕೊಡಿ. ಅವರಿಗೆ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ನಾಲ್ಕೂ ಜಿಲ್ಲೆಯ ಮತದಾರರಿದ್ದಾರೆ. ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ಶುರುವಾಗುವ ಮುಂಚೆ ಶಾಸಕರು ಊರಲ್ಲಿರುವಾಗ ಕೈಯಾರೆ ಕೊಡಿ. ಸುಮ್ನೆ ಕೊಟ್ಟು ಬರಬೇಡಿ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಸಾಧ್ಯವಾದರೆ ಸೋದರಮಾವನನ್ನೂ ಕರೆದುಕೊಂಡು ಹೋಗಿ.