ಗಾಳಿ ಆಡದ ಟೆಂಟ್ ಕೇಳಬೇಡಿ

ಸರೋವರಗಳು ಹೆಪ್ಪುಗಟ್ಟುವ ಹೊತ್ತಿಗೆ ನನಗೆ ಬರುವ ಪತ್ರಗಳೂ ಜಾಸ್ತಿಯಾಗುತ್ತವೆ. ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯಲು ಯಾವ ಟೆಂಟ್ ಒಳ್ಳೆಯದು ಅಂತ ಕೇಳುವವರೇ ಹೆಚ್ಚು. ಕೇಳುವ ರೀತಿ ಮಾತ್ರ ಪ್ರತಿವರ್ಷ ತಪ್ಪು. ಅದಕ್ಕೇ ಈ ಸಲ ಒಂದು ಪತ್ರಕ್ಕೆ ಉದ್ದವಾಗಿ ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಚುಟುಕಾಗಿ. ಗಡ್ಡೆಗೆ ತೂತು ಕೊರೆಯುವುದು, ಗಾಳ ಕಟ್ಟುವುದು ಇಲ್ಲಿಲ್ಲ. ಬಲ್ಲವರ ಜೊತೆ ಒಂದು ದಿನ ಹೋದರೆ ಅದೆಲ್ಲ ತಾನಾಗಿ ಬರುತ್ತದೆ.

ಪ್ರಶ್ನೆ: ನಾವು ಇಬ್ಬರು, ಕೆಲವೊಮ್ಮೆ ಮಗನೂ ಬರುತ್ತಾನೆ. ಚೂರೂ ಗಾಳಿ ನುಸುಳದ, ಚೆನ್ನಾಗಿ ಬೆಚ್ಚಗಿರುವ ಟೆಂಟ್ ಯಾವುದು? ಪ್ರೊಪೇನ್ ಹೀಟರ್ ನಮ್ಮ ಹತ್ತಿರ ಇದೆ.

ಉತ್ತರ: ಹೀಟರ್ ಇದೆ ಅಂದಿರಿ. ಉರಿ ಕೆಟ್ಟಾಗ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್, ಅದನ್ನು ಪತ್ತೆಹಚ್ಚುವ ಅಲಾರ್ಮ್ ಇದೆಯಾ? ಆ ಮಾತೇ ನಿಮ್ಮ ಪತ್ರದಲ್ಲಿಲ್ಲ. ಯಾರ ಪತ್ರದಲ್ಲೂ ಇರುವುದಿಲ್ಲ. ಎಲ್ಲರಿಗೂ ಬೇಕಾಗಿರುವುದು ಗಾಳಿ ನುಸುಳದ ಟೆಂಟ್. ನಾನು ಟೆಂಟ್ ನೋಡುವಾಗ ಮೊದಲು ನೋಡುವುದೇ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ ಅಂತ.

ಕೆಲವು ವರ್ಷದ ಹಿಂದಿನ ಮಾತು. ನಮ್ಮಿಂದ ನೂರು ಹೆಜ್ಜೆ ದೂರದಲ್ಲಿ ಇಬ್ಬರು ಟೆಂಟ್ ಹಾಕಿದ್ದರು. ಬೆಳಗ್ಗೆಯಿಂದ ಯಾರೂ ಹೊರಗೆ ಬಂದಿರಲಿಲ್ಲ. ಸಂಶಯ ಬಂದು ಹೋಗಿ ನೋಡಿದೆ. ಟೆಂಟಿನ ಸುತ್ತ ನಾಲ್ಕೂ ಕಡೆ ಮೊಣಕಾಲುದ್ದ ಹಿಮ ಒಟ್ಟಿ, ಗುದ್ದಲಿಯಿಂದ ತಟ್ಟಿ ಗಟ್ಟಿ ಮಾಡಿದ್ದರು. ಜಿಪ್ ಎಳೆದು ಒಳಗೆ ಬಗ್ಗಿದರೆ ಬಿಸಿ ಹವೆ ಮುಖಕ್ಕೆ ರಾಚಿತು. ಒಬ್ಬರು ತಲೆ ಹಿಡಿದುಕೊಂಡು ಕೂತಿದ್ದರು. ಇನ್ನೊಬ್ಬರಿಗೆ ಆಗಲೇ ವಾಂತಿ ಆಗಿತ್ತು, ಬೆಳಗಿನ ತಿಂಡಿ ಆಗಿಬರಲಿಲ್ಲ ಅಂದರು. ಮೇಲೆ ನೋಡಿದೆ. ಎರಡೂ ಗಾಳಿಕಿಂಡಿಗೆ ಉಣ್ಣೆಯ ಕೈಗವಸು ತುರುಕಿದ್ದರು. ಒಂದರ ಹೆಬ್ಬೆರಳು ಕೆಳಗೆ ನೇತಾಡುತ್ತಿತ್ತು. ಹೀಟರ್ ಆರಿಸಿ, ಇಬ್ಬರನ್ನೂ ಹೊರಗೆಳೆದು, ಆಸ್ಪತ್ರೆಗೆ ಕಳಿಸಿದೆವು. ಇಬ್ಬರೂ ಬದುಕಿದರು. ಆ ಕೈಗವಸು ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ನಿದ್ದೆ. ಜನ ಇದನ್ನು ಚಳಿಯ ಲೆಕ್ಕಕ್ಕೆ ಹಾಕುತ್ತಾರೆ. ಹಾಗಾಗಿ ಜಿಪ್ ಇನ್ನೂ ಬಿಗಿಯಾಗಿ ಎಳೆದುಕೊಳ್ಳುತ್ತಾರೆ.

"ನಮ್ಮ ಹೀಟರ್ ಒಳಗೆ ಬಳಸುವಂಥದ್ದೇ, ಆಮ್ಲಜನಕ ಕಡಿಮೆಯಾದರೆ ತಾನೇ ಆರುತ್ತದೆ" ಅಂತ ನೀವು ಹೇಳಬಹುದು. ಸರಿ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21 ಇರುತ್ತದೆ. ಅದು ಶೇ 18ರ ಆಸುಪಾಸಿಗೆ ಇಳಿದಾಗ ಆ ಸೆನ್ಸರ್ ಉರಿ ನಿಲ್ಲಿಸುತ್ತದೆ. ಆದರೆ ಅದು ಕಾರ್ಬನ್ ಮೊನಾಕ್ಸೈಡ್ ಅಳೆಯುವುದಿಲ್ಲ. ಬರ್ನರ್‌ನಲ್ಲಿ ಧೂಳು, ನೂಲು ಕೂತಿದ್ದರೆ ಆಮ್ಲಜನಕ ಬೇಕಾದಷ್ಟಿದ್ದರೂ ಉರಿ ಕೆಟ್ಟು ವಿಷ ಬರಬಹುದು. ಹೀಟರ್ ಪೆಟ್ಟಿಗೆ ಮೇಲಿನ ಒಂದು ಸಾಲು ನಂಬಿ ಮಗನನ್ನು ಕರೆದುಕೊಂಡು ಹೋಗಬೇಡಿ.

ಅಲಾರ್ಮ್ ಕೊಳ್ಳುವಾಗಲೂ ಒಂದು ವಿಷಯ ಇದೆ. ಮನೆಗೆಂದು ಮಾಡಿದ ಹಲವು ಅಲಾರ್ಮ್‌ಗಳು ಸುಮಾರು 4 ಡಿಗ್ರಿಗಿಂತ ಕೆಳಗೆ ಕೆಲಸ ಮಾಡುವ ಭರವಸೆ ಕೊಡುವುದಿಲ್ಲ. ಎಷ್ಟು ಚಳಿಯವರೆಗೆ ನಡೆಯುತ್ತದೆ ಅಂತ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಓದಿ. ಕ್ಯಾಂಪರ್ ಗಾಡಿಗಳಿಗೆಂದು ಮಾಡಿದ್ದು ಚಳಿಯನ್ನು ಹೆಚ್ಚು ತಡೆಯುತ್ತದೆ. ಕೂತಾಗ ನಿಮ್ಮ ತಲೆ ಇರುವ ಎತ್ತರಕ್ಕೆ ಅದನ್ನು ನೇತುಹಾಕಿ. ಈ ಅನಿಲ ಭಾರ, ನೆಲದಲ್ಲಿ ಕೂರುತ್ತದೆ ಅನ್ನುವುದು ತಪ್ಪು. ಹಾಗೆ ತಳಕ್ಕೆ ಇಳಿಯುವುದು ಉರಿಯದೆ ಸೋರಿದ ಪ್ರೊಪೇನ್. ಕಾರ್ಬನ್ ಮೊನಾಕ್ಸೈಡ್ ಗಾಳಿಯಲ್ಲಿ ಬೆರೆತು ಎಲ್ಲ ಕಡೆ ಇರುತ್ತದೆ.

ಈಗ ಟೆಂಟಿಗೆ ಬರೋಣ. ಅಂಗಡಿಯಲ್ಲಿ ಅದನ್ನು ಬಿಚ್ಚಿ ನಿಲ್ಲಿಸಲು ಹೇಳಿ. ದಪ್ಪ ಕೈಗವಸು ಹಾಕಿಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂರಿ. ಕೂತಲ್ಲಿಂದಲೇ ಮೇಲಿನ ಗಾಳಿಕಿಂಡಿ ಕೈಗೆ ಸಿಗಬೇಕು, ಗವಸು ತೆಗೆಯದೆ ತೆರೆಯಲು ಬರಬೇಕು. ಎದುರುಬದುರು ಎರಡು ಕಿಂಡಿ ಇದ್ದರೆ ಒಳ್ಳೆಯದು. ಹೊಸ ಗಾಳಿ ಒಳಗೆ ಬರಲು ಕೆಳಗೂ ಒಂದು ದಾರಿ ಬೇಕು. ಎದ್ದು ನಿಂತು ಬಲವಂತ ಮಾಡಿ ತೆಗೆಯಬೇಕಾದ ಕಿಂಡಿಯನ್ನು ಚಳಿಯಲ್ಲಿ ಯಾರೂ ತೆಗೆಯುವುದಿಲ್ಲ.

ಒಂದೇ ಪದರದ ಬಟ್ಟೆಯದು ಬೇಡ, ನಡುವೆ ಹತ್ತಿಯಂಥ ಪದರ ಇರುವುದನ್ನೇ ತೆಗೆದುಕೊಳ್ಳಿ. ತೂಕ ಜಾಸ್ತಿ, ನಿಜ. ಆದರೆ ಅದು ಬರೀ ಬೆಚ್ಚಗಿರಲು ಅಲ್ಲ. "ಹೊಸ ಟೆಂಟ್ ಸೋರುತ್ತಿದೆ" ಅಂತ ಎಷ್ಟೋ ಜನ ಬರೆಯುತ್ತಾರೆ. ಅದು ಸೋರುವುದಲ್ಲ, ಹೀಟರ್ ಕೊಟ್ಟ ನೀರು. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಆವಿಯಾಗಿ ಬರುತ್ತದೆ. ಕೈಯಲ್ಲಿ ಹಿಡಿಯುವ 450 ಗ್ರಾಂನ ಸಣ್ಣ ಸಿಲಿಂಡರ್ ಮುಗಿಯುವಷ್ಟರಲ್ಲಿ ಮುಕ್ಕಾಲು ಲೀಟರ್ ಹತ್ತಿರ ನೀರು ನಿಮ್ಮ ತಲೆಯ ಮೇಲೆ ಸುಳಿದಾಡುತ್ತಿರುತ್ತದೆ. ಜೊತೆಗೆ ಮೂವರ ಉಸಿರು. ತೆಳು ಬಟ್ಟೆ ತಣ್ಣಗಿರುವುದರಿಂದ ಅದೆಲ್ಲ ಚಾವಣಿಯಲ್ಲಿ ಬಿಳಿ ಪುಡಿಯಾಗಿ ಕೂರುತ್ತದೆ, ಹೀಟರ್ ಜೋರು ಮಾಡಿದ ಕೂಡಲೇ ಕರಗಿ ಕತ್ತಿನೊಳಗೆ ಹನಿಯುತ್ತದೆ. ಪದರ ಇರುವ ಬಟ್ಟೆಯ ಒಳಮೈ ಅಷ್ಟು ತಣ್ಣಗಿರುವುದಿಲ್ಲ. ಅದರ ಮೇಲೆ ಕಿಂಡಿಯೂ ತೆರೆದಿದ್ದರೆ ಆವಿ ಹೊರಗೆ ಹೋಗುತ್ತದೆ. ವಿಷ ಹೋಗುವ ದಾರಿಯಲ್ಲೇ ನೀರೂ ಹೋಗುತ್ತದೆ, ಅಲ್ವಾ?

ಅಳತೆಯ ವಿಷಯ. ಮೂವರದ್ದು ಅಂತ ಬರೆದ ಟೆಂಟಿನಲ್ಲಿ ಮೂವರು ಭುಜ ತಾಗಿಸಿಕೊಂಡು ಕೂರಬಹುದು, ಅಷ್ಟೇ. ಹೀಟರ್‌ಗೆ ಜಾಗ ಇರುವುದಿಲ್ಲ. ನೀವು ನಾಲ್ವರದ್ದೋ ಐವರದ್ದೋ ತೆಗೆದುಕೊಳ್ಳಿ. ಅದಕ್ಕೆ ಮುಂಚೆ ಮನೆಯ ನೆಲದ ಮೇಲೆ ಟೆಂಟಿನ ಅಳತೆಗೆ ಟೇಪ್ ಅಂಟಿಸಿ, ಮೂರು ಕುರ್ಚಿ ಇಡಿ, ತೂತುಗಳ ಜಾಗಕ್ಕೆ ತಟ್ಟೆ ಇಡಿ, ಹೀಟರ್ ಇಡಿ. ಹೀಟರ್ ಮುಂದೆ ಒಂದು ಮೀಟರ್ ಖಾಲಿ ಉಳಿಯಬೇಕು. ಮಗ ಎದ್ದು ಬಾಗಿಲಿಗೆ ಹೋಗುವಾಗ ಅದನ್ನು ದಾಟಬೇಕಾಗಿ ಬಂದರೆ ಆ ಟೆಂಟ್ ನಿಮಗೆ ಚಿಕ್ಕದು.

ನಾಲ್ಕೂ ಗೋಡೆಗಳನ್ನು ಕೊಡೆಯ ಹಾಗೆ ಹೊರಕ್ಕೆ ಎಳೆದು ನಿಲ್ಲಿಸುವ ಹಬ್ ಟೆಂಟ್ ನಿಮಗೆ ಸರಿ. ಸ್ಲೆಡ್ ಮೇಲೆ ಕೂತು ಹಿಂದಿನಿಂದ ಮಗುಚಿಕೊಳ್ಳುವ ಫ್ಲಿಪ್ ಓವರ್ ಇದೆಯಲ್ಲ, ಅದು ಅರ್ಧ ಗಂಟೆಗೊಮ್ಮೆ ಜಾಗ ಬದಲಿಸಿ ಮೀನು ಹುಡುಕುವ ಒಬ್ಬಂಟಿಗರಿಗೆ. ಅದರ ಬೆನ್ನನ್ನು ಗಾಳಿಗೆ ಕೊಟ್ಟು ಕೂತರೆ ಸಾಕು. ಹಬ್ ಟೆಂಟ್ ಹಾಗಲ್ಲ. ಬಿಗಿಯದೆ ಬಿಟ್ಟರೆ ಉರುಳುತ್ತಾ ಸರೋವರದ ಆಚೆ ದಡಕ್ಕೇ ಹೋಗಿಬಿಡುತ್ತದೆ. ಬಿಚ್ಚುವ ಮೊದಲೇ ಗಾಳಿ ಬೀಸುವ ಕಡೆ ಗಡ್ಡೆಗೆ ಒಂದು ಆಂಕರ್, ಅಂದರೆ ಹಗ್ಗ ಕಟ್ಟುವ ತಿರುಪಿನ ಮೊಳೆ, ತಿರುಗಿಸಿ, ಹಗ್ಗ ಕಟ್ಟಿ, ಆಮೇಲೆ ಗೋಡೆ ಎಳೆಯಿರಿ. ಮಡಚುವಾಗ ಆ ಆಂಕರ್ ಎಲ್ಲಕ್ಕಿಂತ ಕೊನೆಗೆ ಬರಲಿ.

ಪ್ರಶ್ನೆ: ಟೆಂಟಿನ ಸೆರಗಿನ ಮೇಲೆ, ಅಂದರೆ ಗೋಡೆಯ ಕೆಳಗೆ ಗಡ್ಡೆಯ ಮೇಲೆ ಹರಡುವ ಬಟ್ಟೆಯ ಮೇಲೆ, ಹಿಮ ಹಾಕಬಹುದಾ?

ಉತ್ತರ: ಮೂರು ಕಡೆ ಹಾಕಿ, ಗಾಳಿ ಬೀಸದ ಒಂದು ಕಡೆ ಬಿಡಿ. ನೀರು ಬೆರೆತ ಹಿಮ ಬೇಡ. ಸಂಜೆಗೆ ಅದು ಕಲ್ಲಾಗುತ್ತದೆ, ಎಳೆದರೆ ಬಟ್ಟೆ ಹರಿಯುತ್ತದೆ.

ಪ್ರಶ್ನೆ: ಮೇಣದಬತ್ತಿ ಉರಿಯುತ್ತಿದ್ದರೆ ಒಳಗೆ ವಿಷಾನಿಲ ಇಲ್ಲ ಅಂತ ಅನುಭವಿಗಳು ಹೇಳುತ್ತಾರೆ.

ಉತ್ತರ: ಸುಳ್ಳು. ಕಾರ್ಬನ್ ಮೊನಾಕ್ಸೈಡ್ ಮೇಣದಬತ್ತಿಯನ್ನು ಆರಿಸುವುದಿಲ್ಲ. ನೀವು ಪ್ರಜ್ಞೆ ತಪ್ಪಿ ಬಿದ್ದ ಮೇಲೂ ಅದು ಉರಿಯುತ್ತಿರಬಹುದು. ಹೀಗೆ ಹೇಳುವವರ ಜೊತೆ ಮಂಜುಗಡ್ಡೆಯ ಮೇಲೆ ಹೋಗಬೇಡಿ.

ಪ್ರಶ್ನೆ: ಮೇಣದಬತ್ತಿಯ ಮೇಲೆ ಮಣ್ಣಿನ ಕುಂಡ ಕವುಚಿದರೆ ಟೆಂಟ್ ಬೆಚ್ಚಗಾಗುತ್ತದೆ ಅಂತ ವಿಡಿಯೊದಲ್ಲಿ ತೋರಿಸುತ್ತಾರೆ.

ಉತ್ತರ: ಒಂದು ಬತ್ತಿಯ ಶಾಖ 80 ವ್ಯಾಟ್ ಆಸುಪಾಸು. ಸುಮ್ನೆ ಕೂತ ಮನುಷ್ಯನ ಮೈ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಕುಂಡ ಇಟ್ಟರೆ ಶಾಖ ಹುಟ್ಟುವುದಿಲ್ಲ. ಇಂಥ ವಿಡಿಯೊ ಮಾಡುವವರು ಜನರ ಜೀವದ ಜೊತೆ ಆಡುತ್ತಿದ್ದಾರೆ.

ಪ್ರಶ್ನೆ: ಇದ್ದಿಲ ಒಲೆ ಇಟ್ಟುಕೊಳ್ಳಬಹುದಾ?

ಉತ್ತರ: ಬೇಡ. ಬಾಗಿಲು ತೆರೆದಿಟ್ಟರೂ ಬೇಡ.

ಪ್ರಶ್ನೆ: ಕಪ್ಪು ಟೆಂಟ್ ಕಂಡು ಮೀನು ಓಡುತ್ತದಾ?

ಉತ್ತರ: ಇಲ್ಲ. ಒಳಗೆ ಕತ್ತಲಿದ್ದಷ್ಟೂ ತೂತಿನ ಕೆಳಗಿನ ನೀರು ನಿಮಗೆ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಗಡ್ಡೆ ಎಷ್ಟು ದಪ್ಪ ಇರಬೇಕು?

ಉತ್ತರ: ಅಮೆರಿಕದ ಮಿನ್ನೆಸೋಟಾ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ನಡೆದು ಹೋಗಲು 4 ಇಂಚು, ಸ್ನೋಮೊಬೈಲ್‌ಗೆ 5ರಿಂದ 7 ಇಂಚು ಎನ್ನುತ್ತದೆ. ಅದು ಹೊಸದಾಗಿ ಕಟ್ಟಿದ, ಗಾಜಿನಂಥ ಗಡ್ಡೆಗೆ. ಬಿಳಿ ಗಡ್ಡೆಯಾದರೆ ಎರಡರಷ್ಟು ಬೇಕು. ಮೂವರು ಒಂದೇ ಟೆಂಟಿನಲ್ಲಿ, ನಾಲ್ಕು ತೂತಿನ ಸುತ್ತ, ಗಂಟೆಗಟ್ಟಲೆ ಕೂರುವುದಾದರೆ ನಾನು 6 ಇಂಚಿಗಿಂತ ಕಡಿಮೆ ಇದ್ದರೆ ಟೆಂಟ್ ಬಿಚ್ಚುವುದೇ ಇಲ್ಲ. ಅತಿ ಎಚ್ಚರಿಕೆ ಅಂತ ಅನ್ನಿಸಬಹುದು, ಅನ್ನಿಸಲಿ. ಒಂದು ಕಡೆ ಅಳೆದು ಸುಮ್ಮನಾಗಬೇಡಿ, ನಡೆಯುತ್ತಾ ಅಳೆಯುತ್ತಾ ಹೋಗಿ.

ಪ್ರಶ್ನೆ: ಹೀಟರ್ ಸಣ್ಣಗೆ ಇಟ್ಟು ರಾತ್ರಿ ಟೆಂಟಿನಲ್ಲೇ ಮಲಗಬಹುದಾ?

ಉತ್ತರ: ನಾನು ಮಲಗುವುದಿಲ್ಲ. ನಿಮಗೂ ಹೇಳುವುದಿಲ್ಲ. ರಾತ್ರಿ ಉಳಿಯಲೇಬೇಕೆಂದರೆ ಗಟ್ಟಿ ಗೋಡೆಯ ಮನೆ ಬೇಕು, ಉರಿಯ ಹೊಗೆಯನ್ನು ಕೊಳವೆಯಲ್ಲಿ ನೇರ ಹೊರಗೆ ಬಿಡುವ ಹೀಟರ್ ಬೇಕು. ಆಗಲೂ ಅಲಾರ್ಮ್ ಬೇಕು. ಆ ಮನೆಯನ್ನು ಮರದ ತುಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಇಲ್ಲದಿದ್ದರೆ ತಳ ಗಡ್ಡೆಗೆ ಅಂಟಿಕೊಂಡು ಬಿಡುತ್ತದೆ.

ಪ್ರಶ್ನೆ: ಹೋದ ವರ್ಷದ ಟೆಂಟ್ ಬಿಚ್ಚಿದರೆ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಬಟ್ಟೆ ಕಳಪೆಯಾ?

ಉತ್ತರ: ಬಟ್ಟೆಯ ತಪ್ಪಲ್ಲ. ಒದ್ದೆ ಇರುವಾಗಲೇ ಮಡಚಿ ಚೀಲಕ್ಕೆ ಹಾಕಿದ್ದೀರಿ. ಮನೆಗೆ ಬಂದ ದಿನವೇ ಬಿಚ್ಚಿ ನಿಲ್ಲಿಸಿ, ಜಾಗ ಇಲ್ಲದಿದ್ದರೆ ಹಗ್ಗದ ಮೇಲೆ ಹರಡಿ. ಸೆರಗು, ಕೆಳಗಿನ ಹೊಲಿಗೆ, ಕಂಬ ಕೂರುವ ಮೂಲೆ, ಈ ಮೂರು ಕಡೆ ಕೈಯಿಟ್ಟು ನೋಡಿ. ಮೇಲೆ ಒಣಗಿದ್ದರೂ ಅಲ್ಲಿ ಎರಡು ದಿನ ತೇವ ಇರುತ್ತದೆ. ಒಣಗಿಸುವಾಗ ಮೇಲಿನ ಗಾಳಿಕಿಂಡಿಯ ಬಲೆಯನ್ನೂ ಬ್ರಷ್‌ನಿಂದ ಉಜ್ಜಿ. ಅಲ್ಲಿ ಕೂತ ನೂಲು, ಧೂಳು ಮುಂದಿನ ಸಲ ಗಾಳಿಗೆ ಅಡ್ಡ ಆಗುತ್ತದೆ.