ಬಿಟ್ಟು ಸಾಕಿದ ಮೊಟ್ಟೆ ಕೋಳಿಗಳು ಒಂದನ್ನೊಂದು ಕುಕ್ಕಿ ಪುಕ್ಕ ಕೀಳುತ್ತಿವೆ. ಕೊಕ್ಕು ಕತ್ತರಿಸಬೇಕಾ?

150 ಕೋಳಿ, ಪಂಜರ ಇಲ್ಲ, ಬಾಲದ ಬುಡ ಬೋಳಾಗುತ್ತಿದೆ ಅಂತ ಬರೆದಿದ್ದೀರಿ. ಕೊಕ್ಕಿನ ಮಾತು ಆಮೇಲೆ. ಮೊದಲು ಶೆಡ್ಡಿಗೆ ಹೋಗಿ, ನೆಲದ ಹೊಟ್ಟು ಒಂದು ಹಿಡಿ ತಗೊಂಡು ಹಿಸುಕಿ. ಉಂಡೆ ಕಟ್ಟಿದರೆ ತೇವ ಜಾಸ್ತಿ. ಕೈ ಬಿಚ್ಚಿದಾಗ ಪುಡಿಪುಡಿಯಾಗಿ ಉದುರಬೇಕು.

ನಾನು 200 ಕೋಳಿ ಸಾಕಿದ ಮೊದಲ ಮಳೆಗಾಲ ಇದೇ ಪಾಡು. ನೀರಿನ ಡ್ರಿಂಕರ್ ಸುತ್ತ ಹೊಟ್ಟು ರೊಟ್ಟಿ ಥರ ಗಟ್ಟಿಯಾಗಿತ್ತು. ಕಾಲಲ್ಲಿ ಕೆದರಿದರೆ ಏನೂ ಏಳುತ್ತಿರಲಿಲ್ಲ. ಕೆದರಿ ಕುಕ್ಕುವುದೇ ಕೋಳಿಯ ದಿನವಿಡೀ ಕೆಲಸ ಅಲ್ವಾ? ನೆಲದಲ್ಲಿ ಆ ಕೆಲಸ ಸಿಗದಿದ್ದರೆ ಪಕ್ಕದ ಕೋಳಿಯ ಪುಕ್ಕಕ್ಕೆ ಬಾಯಿ ಹಾಕುತ್ತದೆ. ಇದು ಜಗಳ ಅಲ್ಲ. ಜಗಳವಾದರೆ ತಲೆಗೆ ಕುಕ್ಕುತ್ತವೆ. ಇಲ್ಲಿ ಹಿಂದಿನಿಂದ ಬಂದು, ಸದ್ದಿಲ್ಲದೆ ಒಂದೊಂದೇ ಕೀಳುತ್ತವೆ, ಕಿತ್ತದ್ದನ್ನು ನುಂಗುತ್ತವೆ. ನೆಲದ ಮೇಲೆ ಉದುರಿದ ಪುಕ್ಕವೇ ಕಾಣದಾದಾಗ ನಾನು ‘ಆಹಾ, ಶೆಡ್ ಎಷ್ಟು ಕ್ಲೀನ್’ ಅಂದುಕೊಂಡಿದ್ದೆ!

ಗಟ್ಟಿಯಾದದ್ದನ್ನು ಅಗೆದು ತೆಗೆದು ಹೊಸ ಭತ್ತದ ಹೊಟ್ಟು ಹಾಕಿದೆ. ವಾರಕ್ಕೆರಡು ಸಲ ಸನಿಕೆಯಲ್ಲಿ ಮಗುಚುತ್ತಿದ್ದೆ. ಸಂಜೆ ಒಂದಿಷ್ಟು ಜೋಳ ಎರಚುವುದು, ನುಗ್ಗೆಸೊಪ್ಪಿನ ಕಟ್ಟು ತೂಗುಹಾಕುವುದು ಕೂಡ ಶುರುಮಾಡಿದೆ. ಫೀಡಿನಲ್ಲೂ ತಪ್ಪು ನನ್ನದೇ. ಖರ್ಚು ಉಳಿಸಲು ಲೇಯರ್ ಮ್ಯಾಶ್‌ಗೆ (ಮೊಟ್ಟೆ ಕೋಳಿಯ ಪುಡಿ ಮೇವು) ತೌಡು, ನುಚ್ಚು ಬೆರೆಸುತ್ತಿದ್ದೆ. ಪ್ರೋಟೀನ್, ಅದರಲ್ಲೂ ಪುಕ್ಕ ಬೆಳೆಯಲು ಬೇಕಾದ ಮೆಥಿಯೋನಿನ್ ಎಂಬ ಅಂಶ ಕಮ್ಮಿಯಾದರೆ ಪುಕ್ಕ ಕೀಳುವುದು ಹೆಚ್ಚುತ್ತದೆ. ಫೀಡ್ ಬದಲಿಸುವುದಿದ್ದರೂ ಹಳೆಯದರ ಜೊತೆ ಸ್ವಲ್ಪ ಸ್ವಲ್ಪವೇ ಬೆರೆಸಿ ಬದಲಿಸಿ.

ಪುಕ್ಕಕ್ಕಲ್ಲದೆ ಮೊಟ್ಟೆ ಹೊರಬರುವ ದ್ವಾರಕ್ಕೇ ಕುಕ್ಕುತ್ತಿದ್ದರೆ ಅದು ಇನ್ನೂ ಅಪಾಯ. ಮೊಟ್ಟೆ ಇಟ್ಟ ಕ್ಷಣ ಒಳಗಿನ ಕೆಂಪು ಹೊರಗೆ ಕಾಣುತ್ತದೆ. ಬೆಳಕಿನ ಮೂಲೆಯಲ್ಲಿ ಇಟ್ಟರೆ ಉಳಿದವು ನೋಡಿ ಕುಕ್ಕುತ್ತವೆ. ಮೊಟ್ಟೆ ಇಡಲು ಐದು ಕೋಳಿಗೊಂದರಂತೆ ಕತ್ತಲಿರುವ ಗೂಡು ಮಾಡಿ, ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟರೂ ಸಾಕು. ಕೂರುವ ಕೋಲು ಕೆಳಗಿನ ಕೋಳಿಯ ಕೊಕ್ಕಿಗೆ ಎಟುಕದಷ್ಟು ಎತ್ತರ ಇರಲಿ. ರಕ್ತ ಕಂಡ ಕೋಳಿಯನ್ನು ಆಗಲೇ ಬೇರೆ ಇಡಿ, ಗಾಯ ಪೂರ್ತಿ ಮಾಯುವ ತನಕ ಬಿಡಬೇಡಿ.

ಕೊಕ್ಕಿನ ತುದಿಯಲ್ಲಿ ನರ ಇದೆ. ಮೊಟ್ಟೆ ಇಡುವ ಕೋಳಿಗೆ ಈಗ ಕತ್ತರಿಸಿದರೆ ನೋವು, ಮೇವೂ ಬಿಡುತ್ತದೆ. ಜರ್ಮನಿಯ ಸಾಕಣೆದಾರರು 2017ರಿಂದ ಕೊಕ್ಕು ಕತ್ತರಿಸಿದ ಮೊಟ್ಟೆ ಕೋಳಿಗಳನ್ನು ಶೆಡ್ಡಿಗೆ ತರುವುದಿಲ್ಲ ಅಂತ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿದ್ದಾರೆ.

ಒಮ್ಮೆ ಹತ್ತಿದ ಚಟ ಪೂರ್ತಿ ಹೋಗುವುದು ಕಷ್ಟ. ನನ್ನ ಆ ಬ್ಯಾಚಿನಲ್ಲಿ ನಾಲ್ಕೈದು ಬೋಳು ಬೆನ್ನು ಕೊನೆವರೆಗೂ ಉಳಿದವು. ಮುಂದಿನ ಬ್ಯಾಚಿಗೆ ಮರಿ ಇದ್ದಾಗಲೇ ಕೆದರಲು ಹೊಟ್ಟು ಹಾಕಿದೆ.