ಓದುಗರ ಪ್ರಶ್ನೆಗಳು: ಬದನೆ ಹೂ ಉದುರುವುದೇಕೆ?

ಪ್ರಶ್ನೆ: ಹಾವೇರಿಯಲ್ಲಿ ನಮ್ಮ ಹಿತ್ತಲಿನ ಬದನೆ ಗಿಡಗಳು ಬೇಸಿಗೆಯಲ್ಲಿ ಮೈತುಂಬ ಹೂ ಬಿಟ್ಟರೂ ಹೆಚ್ಚಿನವು ಕಾಯಾಗದೆ ಉದುರಿದವು. ನೆರೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ. ಗೊಬ್ಬರದ ಅಂಗಡಿಯವರು ಔಷಧಿ ಹೊಡೆಯಲು ಹೇಳುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಬೇಕಿಲ್ಲ. ಬದನೆಯ ಹೂಗಳೆಲ್ಲ ಕಾಯಿ ಕಟ್ಟುವ ಹೂಗಳಲ್ಲ. ಒಂದು ಹೂವನ್ನು ಕಿತ್ತು ನೋಡಿದರೆ, ಹಳದಿ ಕೇಸರಗಳು ಒತ್ತಾಗಿ ಕೂಡಿನಿಂತಿರುವುದೂ ಅವುಗಳ ನಡುವೆ ಒಂದು ಹಸಿರು ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗದ ಕಡ್ಡಿ, ಇರುವುದೂ ಕಾಣುತ್ತದೆ. ಈ ಶಲಾಕೆಯು ಕೇಸರಗಳನ್ನು ದಾಟಿ ಹೊರಚಾಚಿದ್ದರೆ ಅಥವಾ ಅವುಗಳ ಮಟ್ಟಕ್ಕೆ ಇದ್ದರೆ ಆ ಹೂ ಕಾಯಾಗುವ ಸಂಭವ ಹೆಚ್ಚು. ಗಿಡ್ಡವಾಗಿ ಒಳಗೇ ಅಡಗಿದ್ದರೆ ಅದು ಸಾಮಾನ್ಯವಾಗಿ ಉದುರುತ್ತದೆ. ಗೊಂಚಲಿನ ಬುಡದ ಹೂವಿಗೆ ಬಹುಮಟ್ಟಿಗೆ ಉದ್ದ ಶಲಾಕೆಯಿರುತ್ತದೆ. ಗಿಡದ ಮೇಲೆ ಕಾಯಿಗಳ ಭಾರ ಹೆಚ್ಚಿದಾಗ ಮತ್ತು ಪೋಷಣೆ ಸಾಲದಾದಾಗ ಗಿಡ್ಡ ಶಲಾಕೆಯ ಹೂಗಳೇ ಹೆಚ್ಚುತ್ತವೆ. ಆದ್ದರಿಂದ ಕಾಯಿ ಎಳೆಯದಾಗಿರುವಾಗಲೇ ಕೊಯ್ಯುವುದು ಅಡುಗೆಗೂ ಗಿಡಕ್ಕೂ ಒಳ್ಳೆಯದು. ಎಣ್ಣೆಗಾಯಿಗೆ ಬಲಿತ ಬೀಜದ ಬದನೆಯನ್ನು ಯಾರೂ ಬಯಸುವುದಿಲ್ಲವಷ್ಟೆ.

ಏಪ್ರಿಲ್-ಮೇ ತಿಂಗಳ ಬಿಸಿಲೂ ಇಲ್ಲಿ ಕಾರಣವಾಗುತ್ತದೆ. ಅತಿ ಶಾಖಕ್ಕೆ ಪರಾಗದ ಸತ್ವ ಕುಂದುತ್ತದೆ. ಬದನೆಯ ಕೇಸರಗಳು ತುದಿಯ ಸಣ್ಣ ರಂಧ್ರಗಳಿಂದ ಮಾತ್ರ ಪರಾಗವನ್ನು ಚೆಲ್ಲುತ್ತವೆ. ಗಾಳಿ ಅಲುಗಾಡಿಸಬೇಕು, ಇಲ್ಲವೆ ದುಂಬಿಯೊಂದು ಹೂವನ್ನು ಹಿಡಿದು ಗುಂಯ್‌ಗುಟ್ಟಿ ಅದುರಿಸಬೇಕು. ಹೂ ಬಿಟ್ಟ ಗಿಡಕ್ಕೆ ಕೀಟನಾಶಕ ಹೊಡೆದರೆ ಈ ದುಂಬಿಗಳೇ ಸಾಯುತ್ತವೆ. ಬೆಳಗಿನ ಹೊತ್ತು ರೆಂಬೆಗಳನ್ನು ಮೆಲ್ಲಗೆ ಅಲುಗಿಸಿರಿ, ನೀರು ತಪ್ಪಿಸಬೇಡಿರಿ, ಯೂರಿಯಾ ಅತಿಯಾಗಿ ಹಾಕಬೇಡಿರಿ.

ಪ್ರಶ್ನೆ: ಕುಲಾಂತರಿ ಬದನೆಗೂ ಧಾರವಾಡಕ್ಕೂ ಏನು ಸಂಬಂಧ?

ಉತ್ತರ: ಕುಡಿ ಮತ್ತು ಕಾಯಿ ಕೊರೆಯುವ ಹುಳುವನ್ನು ತಡೆಯಲೆಂದು ಬಿಟಿ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸ್ಥಳೀಯ ತಳಿಗಳಿಗೆ ಸೇರಿಸುವ ಕೆಲಸದಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಪಾಲ್ಗೊಂಡಿತ್ತು, ಅವುಗಳಲ್ಲಿ ಮಲಾಪುರ, ಕುಡಚಿ ತಳಿಗಳೂ ಉಡುಪಿಯ ಗುಳ್ಳವೂ ಇದ್ದವು. 2009ರ ಅಕ್ಟೋಬರ್‌ನಲ್ಲಿ ತಜ್ಞ ಸಮಿತಿಯ ಒಪ್ಪಿಗೆ ದೊರೆತರೂ, 2010ರ ಫೆಬ್ರುವರಿಯಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅದರ ವಾಣಿಜ್ಯ ಬಿಡುಗಡೆಯನ್ನು ತಡೆಹಿಡಿದರು. ಹಿತ್ತಲಿನ ಮಟ್ಟಿಗಾದರೆ, ಬಾಡಿ ಬಾಗಿದ ಕುಡಿಯನ್ನು ಹುಳುವಿನ ಸಮೇತ ಚಿವುಟಿ ನಾಶಮಾಡುವುದು ಇಂದಿಗೂ ಉಪಯುಕ್ತವಾದ ಕ್ರಮ.

ಪ್ರಶ್ನೆ: ನಾವು ಮುಳಗಾಯಿ ಎನ್ನುವುದನ್ನು ಮಗಳ ಪುಸ್ತಕದಲ್ಲಿ ಬ್ರಿಂಜಾಲ್ ಎಂದೂ ಅಡುಗೆಯ ವಿಡಿಯೊಗಳಲ್ಲಿ ಆಬರ್ಜೀನ್, ಎಗ್‌ಪ್ಲಾಂಟ್ ಎಂದೂ ಕರೆಯುತ್ತಾರೆ. ಇವು ಬೇರೆ ಬೇರೆಯೇ?

ಉತ್ತರ: ಎಲ್ಲವೂ ಒಂದೇ ಸಸ್ಯ, ಸೊಲ್ಯಾನಮ್ ಮೆಲಾಂಜಿನಾ, ಟೊಮೆಟೊ, ಆಲೂಗಡ್ಡೆಗಳ ಕುಟುಂಬದ್ದು. ಅರಬ್ಬೀ ಭಾಷೆಯ ‘ಬಾದಿಂಜಾನ್’ ಪೋರ್ಚುಗೀಸರ ಮೂಲಕ ಭಾರತದ ಇಂಗ್ಲಿಷಿನಲ್ಲಿ ಬ್ರಿಂಜಾಲ್ ಆಯಿತು. ಅದೇ ಪದ ಕತಲಾನ್ ಮತ್ತು ಫ್ರೆಂಚ್ ಭಾಷೆಗಳನ್ನು ಹಾದು ಆಬರ್ಜೀನ್ ಆಯಿತು. ಎಗ್‌ಪ್ಲಾಂಟ್ ಎಂಬುದು ಮೊಟ್ಟೆಯಂತೆ ಬೆಳ್ಳಗಿನ ಕಾಯಿ ಬಿಡುವ ತಳಿಗಳನ್ನು ಕಂಡು ಇಟ್ಟ ಹೆಸರು. ಕನ್ನಡದ ‘ಬದನೆ’ಯೂ ಈ ಸಾಲಿಗೆ ದೂರದ್ದಲ್ಲ, ‘ಬಾದಿಂಜಾನ್’ಗೂ ಮೂಲ ದ್ರಾವಿಡವೇ ಎಂಬುದು ಹಲವು ಭಾಷಾತಜ್ಞರ ಮತ. ‘ಬದನೆ’ ಮಲಯಾಳದ ‘ವಳುದನ’ದ ಜೊತೆ ನಿಲ್ಲುವ ದ್ರಾವಿಡ ಪದ.